ಆಕ್ಸೊಲಾಟಲ್‌ಗೆ ಅತ್ತೆಯ ತುತ್ತು

ಬೆಳಿಗ್ಗೆ ಹಿತ್ತಲಿಗೆ ಹೋದರೆ, ಹೊನ್ನಾಳಿಯ ನಮ್ಮ ಮನೆಗೆ ಮೊಟ್ಟೆಯನ್ನೂ ತರಗೊಡದ ಅತ್ತೆ ಬಾಳೆಯ ಬುಡದಲ್ಲಿ ಕೂತು ಎರೆಹುಳು ಆರಿಸುತ್ತಿದ್ದರು.

ಮಗಳು ಪಡಸಾಲೆಯ ಅಕ್ವೇರಿಯಂನಲ್ಲಿ ಆಕ್ಸೊಲಾಟಲ್ ಮರಿಯೊಂದನ್ನು ಸಾಕಿದ್ದಾಳೆ. ನಾಲ್ಕು ಕಾಲಿನ, ನೀರಿನಲ್ಲೇ ಬದುಕುವ, ಕಪ್ಪೆಯ ದೂರದ ನೆಂಟ ಅದು. ಹುಳು ತಿನ್ನುತ್ತದೆಂದು ಗೊತ್ತಾದಂದಿನಿಂದ ಅತ್ತೆ ಅದಕ್ಕೆ ಬೆನ್ನು ಹಾಕಿಯೇ ಕೂರುತ್ತಿದ್ದರು. ಮಗಳು ಕಾಲೇಜಿನ ಪ್ರವಾಸಕ್ಕೆ ಹೋಗುವಾಗ ಅದರ ಊಟ ನನಗೆ ಒಪ್ಪಿಸಿದ್ದಳು. ಹುಳು ಮುಟ್ಟಲು ಹೇಸಿ ನಾನು ಮೀನಿನ ಒಣ ಆಹಾರ ಹಾಕಿದ್ದೆ. ಮರಿ ಅದನ್ನು ತಿರುಗಿಯೂ ನೋಡಿರಲಿಲ್ಲ.

“ಅತ್ತೆ, ನೀವು ಹುಳ ಮುಟ್ಟೋದಾ?” ಎಂದೆ.

“ಮತ್ತೇನು ಮಾಡ್ಲಿ? ನಿನ್ನೆಯಿಂದ ಉಪವಾಸ ಐತೆ. ಗಾಜಿನ ಹತ್ರ ಬಂದು ನನ್ನೇ ನೋಡ್ತೈತೆ. ನನಗೆ ರೊಟ್ಟಿ ಹೆಂಗೆ ಇಳೀತೈತೆ ಹೇಳು?”

ಸಣ್ಣ ಹುಳುವೊಂದನ್ನು ತೊಳೆದು, ಚಿಮಟದಲ್ಲಿ ಹಿಡಿದು, ಕಣ್ಣು ಮುಚ್ಚಿ ನೀರಿಗೆ ಇಳಿಬಿಟ್ಟರು. ಮರಿ ಗಬಕ್ಕನೆ ನುಂಗಿತು. ಅತ್ತೆ ಕಣ್ಣು ಬಿಟ್ಟು ನಕ್ಕರು. ಆಮೇಲೆ ನೇರ ಬಚ್ಚಲಿಗೆ ಹೋಗಿ ತಲೆಗೆ ಸ್ನಾನ ಮಾಡಿ ಪೂಜೆಗೆ ಕೂತರು.

ಮಗಳು ಬಂದಾಗಿದೆ. ಆದರೂ ಅತ್ತೆ ಊಟಕ್ಕೆ ಕೂರುವ ಮೊದಲು, “ಅದರದು ಊಟ ಆತೇನು?” ಎಂದು ಕೇಳುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ನನ್ನನ್ನು ಒಮ್ಮೆಯೂ ಹಾಗೆ ಕೇಳಿದವರಲ್ಲ.