ಬೋಳು ಕತ್ತಿನ ಕೋಳಿಯ ಐದು ಮೊಟ್ಟೆ

ನನ್ನ ಅಜ್ಜಿ ಸುಳ್ಳು ಹೇಳುವವಳಲ್ಲ ಎಂದು ಮಧುಗಿರಿ ಬೆಟ್ಟದ ಬುಡದ ನಮ್ಮ ಹಳ್ಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ನಾನೂ ನಂಬಿದ್ದೆ. ನಂಬಿದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಯುದ್ಧ ನಡೆಯುತ್ತಿದ್ದ ಕಾಲ, ನನಗೆ ಹತ್ತು ವರ್ಷವಿರಬೇಕು. ನನ್ನದು ಅಂತ ಮನೆಯಲ್ಲಿ ಇದ್ದದ್ದು ಒಂದು ಬೋಳು ಕತ್ತಿನ ಕೋಳಿ. ಕತ್ತಿಗೆ ಒಂದು ಪುಕ್ಕವೂ ಇಲ್ಲದ ಅದನ್ನು ಕಂಡು ಕೇರಿಯವರೆಲ್ಲ ನಗುತ್ತಿದ್ದರು. ಊರಿನಲ್ಲಿ ಅಂಥದು ಇನ್ನೊಂದಿರಲಿಲ್ಲ. ನನ್ನ ಕಣ್ಣಿಗೆ ಅದೇ ಚೆಲುವೆ. ಒಂದು ದಿನ ಕಾಡುಬೆಕ್ಕು ಅದನ್ನು ಹೊತ್ತುಕೊಂಡು ಹೋಯಿತು. ಕೋಳಿ ಇಟ್ಟಿದ್ದ ಐದು ಮೊಟ್ಟೆ ಮಾತ್ರ ಉಳಿದವು.

ಅದೇ ವಾರ ಅಜ್ಜಿಯ ಕೆಂಚು ಕೋಳಿ ಕಾವಿಗೆ ಬಂತು. ನಿನ್ನ ಐದನ್ನೂ ನನ್ನ ಐದರ ಜೊತೆ ಇಡೋಣ, ನಿನ್ನ ಮರಿ ನಿನಗೆ, ನನ್ನವು ನಿನ್ನ ಸೋದರತ್ತೆಗೆ ಎಂದಳು ಅಜ್ಜಿ. ಅತ್ತೆ ಪುರವರದಲ್ಲಿ ಹೊಸದಾಗಿ ಬೇರೆ ಸಂಸಾರ ಹೂಡಿದ್ದಳು. ಕುಕ್ಕೆಯಲ್ಲಿ ಬೂದಿ ಹರಡಿ, ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಚೂರೊಂದನ್ನು ಇಟ್ಟು ಕೋಳಿಯನ್ನು ಕೂರಿಸಿದೆವು. ನನ್ನ ಮೊಟ್ಟೆಗಳಿಗೆ ಇದ್ದಿಲಿನಿಂದ ಗೆರೆ ಎಳೆದೆ. ಪುಕ್ಕಕ್ಕೆ ಉಜ್ಜಿ ಗೆರೆ ಮಾಸುತ್ತಿತ್ತು. ಕೋಳಿ ಮೇವಿಗೆ ಎದ್ದಾಗಲೆಲ್ಲ ಓಡಿಹೋಗಿ ಮತ್ತೆ ಎಳೆಯುತ್ತಿದ್ದೆ.

ಹದಿನೆಂಟನೆಯ ದಿನ ಮೊಟ್ಟೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಬಿಟ್ಟು ನೋಡುವುದು ನಮ್ಮಲ್ಲಿ ರೂಢಿ. ಒಳಗೆ ಜೀವವಿದ್ದರೆ ಮೊಟ್ಟೆ ಅಲುಗುತ್ತದೆ. ನಾನು ಹೊಲದಿಂದ ಬರುವಷ್ಟರಲ್ಲಿ ಅಜ್ಜಿ ನೋಡಿ ಮುಗಿಸಿದ್ದಳು. ಗೆರೆಯಿದ್ದ ಐದೂ ಮೊರದಲ್ಲಿ ಬೇರೆಯಾಗಿದ್ದವು.

"ನಿನ್ನವು ಐದೂ ಕೆಟ್ಟೋಗವೆ ಕಣವ್ವ. ಒಂದೂ ಅಲುಗ್ಲಿಲ್ಲ."

ನೀರಿನಲ್ಲಿ ಮುಳುಗೆದ್ದ ಮೊಟ್ಟೆಯ ಮೇಲೆ ಇದ್ದಿಲಿನ ಗೆರೆ ಅಷ್ಟು ಕಪ್ಪಗೆ ಹೇಗೆ ಉಳಿಯಿತು ಎಂದು ಕೇಳುವ ಬುದ್ಧಿ ನನಗಿರಲಿಲ್ಲ. ಅಳುತ್ತಾ ನಾನೇ ಅವನ್ನು ತಿಪ್ಪೆಗೆ ಹಾಕಿ ಬಂದೆ. ಅಜ್ಜಿ ಕಣ್ಣೊರೆಸಿ ಒಂದು ಚೂರು ಬೆಲ್ಲ ಕೊಟ್ಟಳು. ಅದನ್ನು ತಿಂದೆ ಬೇರೆ.

ಮೂರು ದಿನ ಕಳೆದು ಅಜ್ಜಿಯ ಮೊಟ್ಟೆಗಳಿಂದ ಐದು ಮರಿ ಹೊರಬಂದವು. ಮೈ ಒಣಗಿದ ಮೇಲೆ ನೋಡಿದರೆ ನಾಲ್ಕರ ಕತ್ತು ಬೋಳು. ಇವು ನನ್ನವು ಎಂದೆ. ಅಜ್ಜಿ ನನ್ನ ಮುಖ ನೋಡಲಿಲ್ಲ.

"ಕಾವು ಕೊಟ್ಟಿದ್ದು ನನ್ ಕೋಳಿ. ಸುಮ್ಕಿರು. ಮಗಳ ಮನೇಗೆ ಬರೀ ಕೈಲಿ ಹೋಗಕ್ಕಾಯ್ತದ?"

ಅವ್ವನ ಕಡೆ ನೋಡಿದೆ. ಅವಳು ಅಜ್ಜಿಗೆ ಎದುರಾಡಿದವಳೇ ಅಲ್ಲ. ತಲೆ ತಗ್ಗಿಸಿ ರಾಗಿ ಬೀಸುತ್ತಲೇ ಇದ್ದಳು. ಕೇಳಿದ್ದರೆ ಎರಡು ಮರಿ ನಾನೇ ಕೊಡುತ್ತಿದ್ದೆನೋ ಏನೋ. ಕೇಳದೆ, ತನ್ನ ಕೆಟ್ಟ ಮೊಟ್ಟೆಗಳಿಗೆ ನನ್ನ ಗೆರೆ ಎಳೆದು, ನನ್ನ ಕೈಯಿಂದಲೇ ತಿಪ್ಪೆಗೆ ಹಾಕಿಸಿದಳಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಮರಿಗಳು ಸ್ವಲ್ಪ ಬಲಿತ ಮೇಲೆ ಐದನ್ನೂ ಕುಕ್ಕೆಯಲ್ಲಿ ಮುಚ್ಚಿಕೊಂಡು ಅಜ್ಜಿ ಪುರವರಕ್ಕೆ ಹೋದಳು. ಆಮೇಲೆ ಅವಳ ಮಗ್ಗುಲಲ್ಲಿ ನಾನು ಮಲಗಲಿಲ್ಲ.

ಅಜ್ಜಿ ತೀರಿಕೊಂಡ ಮೇಲೆ ಒಮ್ಮೆ ಅತ್ತೆಯ ಮನೆಗೆ ಹೋಗಿದ್ದೆ. ಹಿತ್ತಲ ತುಂಬ ಬೋಳು ಕತ್ತಿನ ಕೋಳಿಗಳು. ಅತ್ತೆ ನನ್ನ ತಲೆ ಸವರಿದಳು.

"ನಿನ್ನಂಥ ಮನಸ್ಸು ಯಾರಿಗದೆ ಕಣಮ್ಮ. ನಿನ್ನ ಮರೀನೆಲ್ಲ ನೀನೇ ನಗ್‌ನಗ್ತಾ ಕೊಟ್ಟೆಯಂತೆ. ಅವ್ವ ಸಾಯೋಗಂಟ ಹೇಳ್ತಿದ್ಲು."

ಹೌದು ಅತ್ತೆ ಎಂದೆ. ಹೊರಡುವಾಗ ಅವಳು ಒಂದು ಜೊತೆ ಮರಿ ಕುಕ್ಕೆಯಲ್ಲಿಟ್ಟು, ಅಜ್ಜಿಯ ನೆನಪಿಗೆ ಇರಲಿ ಎಂದು ಮುಂದೆ ಚಾಚಿದಳು. ನಾನು ಮುಟ್ಟಲಿಲ್ಲ.