ಬನಹಟ್ಟಿಯ ದನಿಯಿಲ್ಲದ ಮನೆ

ಧಾರವಾಡದಿಂದ ಮುಧೋಳದ ಬಸ್ಸು ಹೊರಟಾಗ ಇನ್ನೂ ಬಿಸಿಲೇರಿರಲಿಲ್ಲ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಹೆಂಗಸರ ಪುಕ್ಕಟೆ ಟಿಕೀಟು ಕೊಟ್ಟ. ಟಿಕೀಟು ಪುಕ್ಕಟೆ, ಆದರೆ ಕಿಟಕಿ ಪಕ್ಕದ ಸೀಟು ಪುಣ್ಯವಂತರಿಗೆ ಮಾತ್ರ. ಲೋಕಾಪುರದ ತನಕ ಯಾರದೋ ಮೆಣಸಿನಕಾಯಿ ಚೀಲದ ಮೇಲೆ ಕಾಲಿಟ್ಟುಕೊಂಡು ಸೀನುತ್ತ ಕೂತೆ.

ನನ್ನ ಕೆಲಸ ಕೇಳಿದರೆ ಜನ ನಗುತ್ತಾರೆ. ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸುತ್ತೇನೆ. ರಜೆ ಸಿಕ್ಕಾಗ ರೆಕಾರ್ಡರ್ ಹಿಡಿದುಕೊಂಡು, ಗಂಡ ಹೆಂಡತಿ ಪರಸ್ಪರ ಹೇಗೆ ಮಾತಾಡುತ್ತಾರೆಂದು ಕೇಳಲು ಊರೂರು ತಿರುಗುತ್ತೇನೆ. ಸಂಸಾರ ಒಡೆದ ಮೇಲೆ ಪಂಚಾಯಿತಿ ಮಾಡುವವರು ಬೇಕಾದಷ್ಟಿದ್ದಾರೆ. ಒಡೆಯುವ ಮೊದಲೇ ಬಿರುಕು ಕಾಣುತ್ತದೆಯೇ ಎಂದು ಹುಡುಕುವವರು ನಾವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಎಲ್ಲವೂ ಅಷ್ಟಕ್ಕೇ ಮುಗಿಯುವಂತಿದ್ದರೆ ನನ್ನ ಈ ಅಧ್ಯಯನ ಎಂದೋ ನಿಲ್ಲುತ್ತಿತ್ತು. ನಿಜ ಹೇಳಬೇಕೆಂದರೆ ಜಗಳವಾಡುವವರ ಬಗ್ಗೆ ನಮಗೆ ಅಷ್ಟು ಚಿಂತೆಯಿಲ್ಲ. ಮಾತು ನಿಂತ ಮನೆಗಳದ್ದೇ ಚಿಂತೆ.

ಮುಧೋಳದಲ್ಲಿ ಇಳಿದು ಶಾಲಾ ಮಾಸ್ತರ ದಂಪತಿಯ ಮನೆಗೆ ಹೋದೆ. ಹೋದ ವರ್ಷ ಜಮಖಂಡಿಯಲ್ಲಿ ಹೊಸ ಜೋಡಿಗಳಿಗೆಂದು ನಾವು ಮಾಡಿದ ಶಿಬಿರಕ್ಕೆ ಬಂದಿದ್ದವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಆಮೇಲೆ ಉತ್ತರ ಕೊಡಬೇಕು ಎಂದು ಅಲ್ಲಿ ಕಲಿಸಿದ್ದೆವು. ಮಾಸ್ತರರು ಅದನ್ನು ಚಾಚೂ ತಪ್ಪದೆ ಮಾಡುತ್ತಾರಂತೆ, ಈಗ ಅದಕ್ಕೇ ಜಗಳವಂತೆ. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳುತ್ತ ನನಗೆ ಚುರುಮುರಿ ಸೂಸಲಾ, ಮಿರ್ಚಿ ಭಜಿ ಬಡಿಸಿದರು. ಈ ಮನೆಗೆ ಏನೂ ಆಗುವುದಿಲ್ಲ ಎಂದುಕೊಂಡು ಹೊಟ್ಟೆತುಂಬ ತಿಂದೆ.

ನಾನು ಹೊರಟಿದ್ದದ್ದು ಬನಹಟ್ಟಿಗೆ. ಅದೇ ಶಿಬಿರಕ್ಕೆ ಗಂಡನನ್ನು ಬಿಟ್ಟು ಒಬ್ಬಳೇ ಬಂದಿದ್ದ ಕಸ್ತೂರಿ ಎಂಬಾಕೆ ಫೋನ್ ಮಾಡಿದ್ದಳು. ಗಂಡ ಮಲ್ಲಪ್ಪ ಪವರ್‌ಲೂಮ್ ನೇಕಾರ. ಹೊಡೆತ ಬಡಿತವಿಲ್ಲ, ಕುಡಿತವಿಲ್ಲ. ಆದರೂ ತವರಾದ ಬೀಳಗಿಗೆ ಹೋಗುತ್ತೇನೆ, ಹೋದರೆ ತಿರುಗಿ ಬರುವುದಿಲ್ಲ, ಅದಕ್ಕೂ ಮೊದಲು ಒಮ್ಮೆ ಬಂದು ನೋಡಿ ಎಂದಿದ್ದಳು. ಕಾರಣ ಕೇಳಿದರೆ ಒಂದೇ ಮಾತು ಹೇಳಿದ್ದಳು: “ಕತ್ತಲಾತಂದ್ರ ಅವರು ಮನ್ಯಾಗ ಇರಂಗಿಲ್ರಿ ಅಕ್ಕಾರ. ಬಾಜೂಕ ಮಲಗಿರ್ತಾರ, ಆದ್ರ ಇರಂಗಿಲ್ಲ.”

ಜಮಖಂಡಿಯಲ್ಲಿ ಬಸ್ಸು ಬದಲಿಸಿದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿಕೊಂಡು ಬನಹಟ್ಟಿ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು. ಆಟೋದವನು ಇಪ್ಪತ್ತು ರೂಪಾಯಿ ತೆಗೆದುಕೊಂಡು ಓಣಿಯ ಬಾಯಲ್ಲಿ ಇಳಿಸಿದ. ಎರಡೂ ಕಡೆ ಮನೆಗಳಲ್ಲಿ ಮಗ್ಗಗಳು ಖಟಖಟ ಹೊಡೆದುಕೊಳ್ಳುತ್ತಿದ್ದವು. ಕಾಲಡಿಯ ನೆಲವೂ ಸಣ್ಣಗೆ ಅದುರುತ್ತಿತ್ತು. ಬಾಗಿಲಲ್ಲಿ ನಿಂತ ಹೆಂಗಸರಿಬ್ಬರು ಓಣಿಯ ಆಚೆ ಈಚೆಯಿಂದ ಬರೀ ತುಟಿ ಅಲ್ಲಾಡಿಸಿ ಮಾತಾಡಿಕೊಂಡು ನಕ್ಕರು. ಏನು ಮಾತೋ, ನನ್ನ ಬಗ್ಗೆಯೇ ಇರಬೇಕು ಅನಿಸಿತು.

ಮಲ್ಲಪ್ಪನ ಮನೆಯ ಪಡಸಾಲೆಯ ತುಂಬ ಮಗ್ಗಗಳು. ಒಣಗಾಳಿಗೆ ನೂಲು ಹರಿಯುತ್ತದೆಂದು ಎಲ್ಲೂ ಕಿಟಕಿಯಿಲ್ಲ. ಹಗಲಲ್ಲೂ ಬಲ್ಬು ಬೇಕು. ಅವನು ನನಗೆ ನಮಸ್ಕಾರ ಹೇಳಿದ್ದು ನದಿಯಾಚೆಯವರನ್ನು ಕರೆಯುವಷ್ಟು ದೊಡ್ಡ ಗಂಟಲಿನಲ್ಲಿ. ಹೆಂಡತಿಯ ಕಡೆ ತಿರುಗಿ, ಚಹ ಮಾಡು ಎಂದಿರಬೇಕು, ಬರೀ ತುಟಿಯಲ್ಲೇ ಹೇಳಿದ. ಅವಳೂ ತುಟಿಯಲ್ಲೇ ಏನೋ ಅಂದು ಒಳಗೆ ಹೋದಳು. ಮಗ್ಗದ ಸದ್ದಿನಲ್ಲಿ ನೇಕಾರರು ಹಾಗೆ ಮಾತಾಡುವುದು ನನಗೂ ಗೊತ್ತಿತ್ತು. ಆದರೆ ಅವನು ಮಗ್ಗ ನಿಲ್ಲಿಸಿ ಊಟಕ್ಕೆ ಕೂತಾಗಲೂ ಅವರ ನಡುವೆ ದನಿ ಏಳಲಿಲ್ಲ. ರೊಟ್ಟಿ ಮುರಿಯುವ ಸದ್ದು, ನೀರು ಸುರಿಯುವ ಸದ್ದು, ಎರಡು ಬಾಯಿ ಅಲ್ಲಾಡುವುದು. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ ಬಹಳ ರುಚಿಯಾಗಿತ್ತು, ಆದರೆ ನಾನು ತಿನ್ನುವುದು ಬಿಟ್ಟು ಆ ಎರಡು ಬಾಯಿಗಳನ್ನೇ ನೋಡುತ್ತ ಕೂತೆ.

ಕಸ್ತೂರಿಯ ಅತ್ತೆ ಮಗ್ಗದ ನಡುವೆಯೇ ಬದುಕಿ ಪೂರಾ ಕಿವುಡಿಯಾಗಿದ್ದಳಂತೆ. ಅವಳಿಗೆ ತುಟಿ ಕಾಣದ ಹಾಗೆ ಬರೀ ದನಿಯಲ್ಲಿ ಮಾತಾಡಿದರೆ ತನ್ನ ಬೆನ್ನ ಹಿಂದೆ ಏನೋ ಆಡಿಕೊಳ್ಳುತ್ತಿದ್ದಾರೆಂದು ಅಳುತ್ತಿದ್ದಳಂತೆ. ಹಾಗಾಗಿ ಮನೆಯವರು ತಮ್ಮತಮ್ಮಲ್ಲಿ ಯಾವಾಗಲೂ ತುಟಿಯಲ್ಲೇ ಮಾತಾಡಬೇಕು ಎಂಬುದು ರೂಢಿ. ಮದುವೆಯಾಗಿ ಬಂದ ವಾರದಲ್ಲೇ ಕಸ್ತೂರಿ ಅದನ್ನು ಕಲಿತಳು. ಅತ್ತೆ ತೀರಿಕೊಂಡು ವರ್ಷವಾಗಿದೆ. ಊರಿನವರೊಂದಿಗೆ ಇಬ್ಬರೂ ಗಟ್ಟಿಯಾಗಿ ಮಾತಾಡುತ್ತಾರೆ, ತಮ್ಮತಮ್ಮಲ್ಲಿ ಮಾತ್ರ ಇಲ್ಲ.

ಊಟವಾದ ಮೇಲೆ ಅವನು ಮಗ್ಗ ಚಾಲೂ ಮಾಡಿ ಒಳಗೆ ಬಂದ. ಒಳಕೋಣೆಯಲ್ಲಿ ಇಬ್ಬರನ್ನೂ ಎದುರುಬದುರು ಕೂಡಿಸಿ ರೆಕಾರ್ಡರ್ ಇಟ್ಟೆ. ಅಷ್ಟರಲ್ಲಿ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಅಷ್ಟು ಸದ್ದು ಹೋದ ಜಾಗದಲ್ಲಿ ಬಂದ ಮೌನ ಕಿವಿಗೆ ನೋವಾಗುವಂತಿತ್ತು. ಕೋಣೆಯೂ ಗವ್ವೆಂದು ಕತ್ತಲಾಯಿತು. ಒಳ್ಳೆಯದೇ ಆಯಿತು ಎಂದುಕೊಂಡು, ಈಗ ಮಾತಾಡಿ, ಕಸ್ತೂರಿ ಮೊದಲು ಪ್ರಶ್ನೆ ಕೇಳಲಿ ಎಂದೆ.

ಯಾರೂ ಮಾತಾಡಲಿಲ್ಲ. ಕಾದೆ. ರೆಕಾರ್ಡರಿನ ಕೆಂಪು ಚುಕ್ಕೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಕೋಣೆಯಲ್ಲಿ ಏನೋ ನಡೆಯುತ್ತಿದೆ ಎನ್ನಿಸುತ್ತಿತ್ತು. ಉಸಿರು ಏರಿಳಿಯುವುದು, ನಾಲಿಗೆ ಅಂಗುಳಕ್ಕೆ ತಾಗುವ ಸಣ್ಣ ಚಟಚಟ. ನನಗೆ ಹೆದರಿಕೆಯಾಯಿತು. ಮೊಬೈಲಿನ ಟಾರ್ಚು ಹೊತ್ತಿಸಿದೆ.

ಇಬ್ಬರ ಬಾಯಿಯೂ ಆಡುತ್ತಿತ್ತು. ಒಬ್ಬರ ಮುಖ ಒಬ್ಬರ ಕಡೆಗಿತ್ತು. ಕಸ್ತೂರಿಯ ಕೆನ್ನೆ ಒದ್ದೆಯಾಗಿತ್ತು. ಅವನ ಕತ್ತಿನ ನರ ಉಬ್ಬಿತ್ತು. ಬೆಳಕು ಬಿದ್ದದ್ದು ಗೊತ್ತಾಗಿ ಇಬ್ಬರೂ ಒಟ್ಟಿಗೆ ಬಾಯಿ ಮುಚ್ಚಿ ನನ್ನ ಕಡೆ ನೋಡಿದರು.

“ನೋಡಿದ್ರಿ ಅಕ್ಕಾರ? ನಾ ಇಷ್ಟೊತ್ತು ಕೇಳಿದೆ. ಒಂದಕ್ಕೂ ಉತ್ತರ ಕೊಡಲಿಲ್ಲ,” ಎಂದಳು ಕಸ್ತೂರಿ.

“ಆಕಿ ಎಲ್ಲಿ ಕೇಳಿದ್ಲರಿ?” ಮಲ್ಲಪ್ಪ ನನ್ನ ಕಡೆ ಕೂಗಿದ. “ನಾನ ಒಂದ ಸವನ ಹೇಳಾಕತ್ತಿದ್ದೆ, ಹೋಗಬ್ಯಾಡ ಅಂತ. ಆಕಿ ಕಲ್ಲಿನಂಗ ಕುಂತಿದ್ಲು. ದಿನಾ ಹಿಂಗರಿ.”

ತುಟಿ ಕಾಣದ ಎಷ್ಟು ಕತ್ತಲುಗಳಲ್ಲಿ ಹೀಗೆ ಇಬ್ಬರೂ ಮಾತಾಡಿ, ಇಬ್ಬರೂ ಉತ್ತರಕ್ಕೆ ಕಾದು ಮಲಗಿದ್ದರೋ! ಇಬ್ಬರ ಬಾಯಿಂದಲೂ ದನಿಯೇ ಹೊರಡಲಿಲ್ಲ ಎಂದು ನಾನು ಹೇಳಿದರೆ ನಂಬಲಿಲ್ಲ. ತನ್ನ ದನಿ ತನಗೆ ಗೊತ್ತಾಗುವುದಿಲ್ಲವೇ ಎಂದು ಮಲ್ಲಪ್ಪ ನಕ್ಕ. ದಿನವಿಡೀ ಮಗ್ಗದ ಸದ್ದಿನಲ್ಲಿರುವವನು ತನ್ನ ದನಿಯನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದ. ರೆಕಾರ್ಡರ್ ಹಚ್ಚಿದೆ. ಕರೆಂಟು ಹೋಗುವ ತನಕ ಮಗ್ಗದ ಖಟಖಟ. ಆಮೇಲೆ ನನ್ನ ಒಂದು ಮಾತು. ಆಮೇಲೆ ಟಾರ್ಚು ಹೊತ್ತಿಸುವ ತನಕ ಏನೂ ಇಲ್ಲ. ಅವನ ನಗು ನಿಂತಿತು.

“ಇದರಾಗ ನಾವ ಇಲ್ಲ,” ಎಂದಳು ಕಸ್ತೂರಿ.

ಆದರೂ ಅವಳು ತವರಿಗೆಂದು ತುಂಬಿಟ್ಟಿದ್ದ ಚೀಲ ಎತ್ತಿಕೊಂಡಳು. ದನಿ ಇರುವ ಮನೆಯಲ್ಲಿ ನಾಲ್ಕು ದಿನ ಇರಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ ಎಂದಳು. ತಿರುಗಿ ಬರುವ ವಿಷಯ ಕೇಳಿದ್ದಕ್ಕೆ ಗೊತ್ತಿಲ್ಲ ಎಂದಳು. ನಾನು ಮಲ್ಲಪ್ಪನಿಗೆ ಒಂದೇ ಕೆಲಸ ಹೇಳಿದೆ: ಸಂಜೆ ಮಗ್ಗ ನಿಲ್ಲಿಸಿ ಹೆಂಡತಿಗೆ ಫೋನ್ ಮಾಡಬೇಕು, ಮುಖ ಕಾಣುವ ವಿಡಿಯೋ ಮಾತ್ರ ಬೇಡ. ಅವಳು ತವರಿಗೆ ಹೋದಾಗಲೆಲ್ಲ ಅವರು ವಿಡಿಯೋದಲ್ಲೇ ಮಾತಾಡುತ್ತಿದ್ದರಂತೆ. ಅವನು ತಲೆಯಾಡಿಸಿದ. ಊರ ಮುಂದೆ ಅಷ್ಟು ಕೂಗುವವನು ಆಗ ಹೆದರಿದ್ದು ಸ್ಪಷ್ಟವಾಗಿ ಕಾಣಿಸಿತು.

ನಾನೂ ಅವಳ ಜೊತೆ ಹೊರಟೆ; ಜಮಖಂಡಿಗೆ ಬಂದು ಬೀಳಗಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ಕಸ್ತೂರಿ ಸುರಿದಂತೆ ಮಾತಾಡಿದಳು: ತವರಿನ ಎಮ್ಮೆ, ಅಣ್ಣನ ಕಿರಾಣಿ ಅಂಗಡಿ, ನನ್ನ ಸೀರೆಯ ಬಣ್ಣ ಚೆನ್ನಾಗಿಲ್ಲದಿರುವುದು. ಬಣ್ಣದ ವಿಷಯದಲ್ಲಿ ನೇಕಾರರ ಮನೆಯವಳೊಂದಿಗೆ ವಾದ ಮಾಡುವುದುಂಟೇ? ಸುಮ್ಮನೆ ಒಪ್ಪಿಕೊಂಡೆ. ಬೀಳಗಿ ಹತ್ತಿರವಾದಂತೆ ಹಿನ್ನೀರಿನ ಕಡೆಯಿಂದ ತಂಪುಗಾಳಿ ಬಂತು, ಅವಳ ಮಾತು ಕಮ್ಮಿಯಾಯಿತು.

ತವರುಮನೆ ಬಸ್‌ಸ್ಟ್ಯಾಂಡಿನ ಎದುರಿಗೇ. ಅವಳ ಅವ್ವ ಚಹ ಕೊಟ್ಟಳು, ಬಂದ ಕಾರಣ ಕೇಳಲಿಲ್ಲ. ನಾನು ಬಾಗಲಕೋಟೆಯ ಬಸ್ಸಿಗೆ ಕಾಯುತ್ತ ಅವರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಾಗ, ಹೊತ್ತು ಮುಳುಗುವ ಸುಮಾರಿಗೆ, ಅವಳಿಗೆ ಫೋನ್ ಬಂತು. ಕಸ್ತೂರಿ ಸ್ಪೀಕರ್ ಹಾಕಿದಳು. ಮೊದಲು ಉಸಿರು ಮಾತ್ರ. ಬಹಳ ಹೊತ್ತಿನ ಮೇಲೆ ಒಂದು ಗಂಡುದನಿ ಬಂತು. ಮೆತ್ತಗಿತ್ತು, ಒಡೆದಿತ್ತು. ಮಲ್ಲಪ್ಪನ ಕೂಗು ಕೇಳಿದ್ದ ನನಗೂ ಅದರ ಗುರುತು ಹತ್ತಲಿಲ್ಲ.

“ಯಾರ್ರೀ ಮಾತಾಡೋದು?” ಎಂದಳು ಕಸ್ತೂರಿ. ಅವಳ ತೋಳಿನ ಕೂದಲು ನಿಮಿರಿದ್ದವು.

“ನಾನ ಅದೀನಿ,” ಎಂದಿತು ಆ ದನಿ. “ಹೊಳ್ಳಿ ಬರ್ತೀಯಿಲ್ಲ?”

ಅಷ್ಟರಲ್ಲಿ ನನ್ನ ಬಸ್ಸು ಬಂತು. ಅದು ಬಿಟ್ಟರೆ ಬೇರೆ ಬಸ್ಸು ಬೆಳಿಗ್ಗೆಯೇ. ಓಡಿ ಹತ್ತಿ, ಕಿಟಕಿಯಿಂದ ತಿರುಗಿ ನೋಡಿದೆ. ಕಸ್ತೂರಿ ಬಾಗಿಲಲ್ಲಿ ಫೋನನ್ನು ಮುಖದ ಮುಂದೆ ಹಿಡಿದು ಉತ್ತರ ಕೊಡುತ್ತಿದ್ದಳು. ತುಟಿ ಬೇಗಬೇಗ ಆಡುತ್ತಿತ್ತು. ಪಕ್ಕದಲ್ಲೇ ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದ ಅವ್ವ ತಲೆ ಎತ್ತಿರಲಿಲ್ಲ. ದನಿ ಇರಲಿಲ್ಲ.

“ದನಿ ತಗೀ ಕಸ್ತೂರಿ!” ಎಂದು ನಾನು ಕಿಟಕಿಯಿಂದ ಕಿರುಚಿದೆ. ಬಸ್ಸಿನವರೆಲ್ಲ ನನ್ನನ್ನೇ ನೋಡಿದರು. ಅವಳು ಬೆಚ್ಚಿ ನನ್ನ ಕಡೆ ನೋಡಿ, ಕೈಯನ್ನು ಗಂಟಲಿಗೆ ಒತ್ತಿಕೊಂಡಳು. ಬಸ್ಸು ಹೊರಟಿತು. ಅವಳ ಬಾಯಿ ಮತ್ತೆ ಆಡಿತು. ಇಂಜಿನ್ನಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಆದರೆ ಅವ್ವ ಮೊರ ಕೆಳಗಿಟ್ಟು ಮಗಳ ಕಡೆ ತಿರುಗಿದ್ದು ಕಾಣಿಸಿತು.