ವಸಂತಣ್ಣನ ಜೀಪಿಗೆ ನಾನು ಹಾಕಿದ ಎಣ್ಣೆ

ವಸಂತಣ್ಣನ ಜೀಪಿನ ಹ್ಯಾಂಡ್‌ಬ್ರೇಕ್ ಎಳೆದೇ ಇತ್ತು. ಅದರ ಲಿವರ್ ಮೇಲಕ್ಕೆದ್ದು ನಿಂತದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ, ಬೆಳ್ಳಾರೆಯ ಜೀಪ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು ಎಳೆದಿರಲಿಲ್ಲ ಎಂದುಬಿಟ್ಟೆ. ಆರು ವರ್ಷವಾಯಿತು. ಆ ಒಂದು ಮಾತು ಅವರನ್ನು ಏನು ಮಾಡಿದೆ ಎಂದು ಕಳೆದ ತಿಂಗಳಷ್ಟೇ ನನಗೆ ತಿಳಿಯಿತು. ಆ ಆಘಾತದಿಂದ ನಾನಿನ್ನೂ ಹೊರಬಂದಿಲ್ಲ.

ನಾನು ದಯಾನಂದ, ಫೋರ್‌ವೀಲ್ ಜೀಪುಗಳ ಮೆಕ್ಯಾನಿಕ್. ವಸಂತಣ್ಣ ಐವರ್ನಾಡಿನವರು. ಬಸ್ಸು ಹೋಗದ ಗುಡ್ಡಗಳಿಗೆ ಜೀಪು ಬಾಡಿಗೆ ಓಡಿಸುತ್ತಿದ್ದರು. ಬಾಣಂತಿಯನ್ನಾದರೂ ರಬ್ಬರ್ ಶೀಟನ್ನಾದರೂ ಒಂದೇ ಜಾಗ್ರತೆಯಿಂದ ಒಯ್ಯುವವರೆಂದು ಹೆಸರಾದವರು.

ಆ ಸಲ ಎಣ್ಣೆ ಬದಲಿಸಲು ಬಂದಾಗ ಪುತ್ತೂರಿನಿಂದ ಸಿಂಥೆಟಿಕ್ ಗೇರ್ ಆಯಿಲ್ ತಂದಿದ್ದರು. ಹಿಂದಿನ ಎರಡು ಚಕ್ರಗಳ ನಡುವೆ ಗುಂಡಗೆ ಉಬ್ಬಿರುತ್ತದಲ್ಲ, ಆ ಡಿಫರೆನ್ಶಿಯಲ್ ಏರು ಹತ್ತುವಾಗ ವಿಪರೀತ ಕಾಯುತ್ತಿತ್ತು. ಅದಕ್ಕೆಂದೇ ಜೀಪಿನ ಪುಸ್ತಕ ಓದಿ, ಅಂಗಡಿಯಲ್ಲಿ ವಿಚಾರಿಸಿ, ಆರಿಸಿ ತಂದದ್ದು.

"ಗೇರ್‌ಬಾಕ್ಸಿಗೆ ಹಾಕುದು ಬೇರೆ, ಇದಕ್ಕೆ ಹಾಕುದು ಬೇರೆ ಅಂತೆ ಮಾರಾಯ. ಇದರ ಹಲ್ಲು ಒಂದಕ್ಕೊಂದು ಉಜ್ಜಿಕೊಂಡೇ ತಿರುಗುದಂತೆ. ನೀನು ಇದನ್ನೇ ಹಾಕು" ಎಂದರು.

ಅವರು ಹೋದ ಮೇಲೆ ಮುಚ್ಚಳ ತೆರೆದು ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನೋಡಿದೆ. ಅಡುಗೆಯವರು ಬೆಲ್ಲದ ಪಾಕ ನೋಡಿದ ಹಾಗೆ, ನಾವು ಎಣ್ಣೆ ನೋಡುವುದು ಹೀಗೆಯೇ. ಎಳೆ ಬಂದರೆ ಒಳ್ಳೆಯ ಎಣ್ಣೆ. ನನಗೆ ಕೆಲಸ ಕಲಿಸಿದವರು ಕಲಿಸಿದ್ದು ಅಷ್ಟು. ಇದರಲ್ಲಿ ಎಳೆಯೇ ಬರಲಿಲ್ಲ, ನೀರಿನಷ್ಟು ತೆಳು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂದು ಒಬ್ಬನೇ ನಕ್ಕೆ. ಡಬ್ಬಿಗಳನ್ನು ಬದಿಗಿಟ್ಟು, ಗೇರ್‌ಬಾಕ್ಸಿಗೆಂದು ಡ್ರಮ್ಮಿನಲ್ಲಿದ್ದ ದಪ್ಪ ಎಣ್ಣೆಯನ್ನೇ ಸುರಿದೆ. ಹಮ್ಮು, ಅಷ್ಟೇ. ಇಪ್ಪತ್ತು ವರ್ಷ ಎಣ್ಣೆಯಲ್ಲೇ ಕೈಯದ್ದಿದ ನನಗೆ ಒಬ್ಬ ಡ್ರೈವರ್ ಹೇಳಿಕೊಡುವುದೇ?

ಸಂಜೆ ಬಂದು, "ನಾನು ತಂದದ್ದನ್ನೇ ಹಾಕಿದ್ದಿ ಅಲ್ವಾ?" ಎಂದು ಕೇಳಿದರು.

"ಅದನ್ನೇ ಹಾಕಿದ್ದು ಅಣ್ಣ" ಎಂದೆ. ಅದು ಮೊದಲ ಸುಳ್ಳು.

ಕೆಲವು ತಿಂಗಳ ಮೇಲೆ, ಒಂದು ಮಧ್ಯಾಹ್ನ, ವಸಂತಣ್ಣ ಹೆಂಡತಿ ಸರೋಜಕ್ಕನನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತಿದ್ದರು. ಅರ್ಧ ಏರಿನಲ್ಲಿ ರಸ್ತೆಗೆ ಕೊಂಬೆಯೊಂದು ಬಿದ್ದಿತ್ತು. ಗಾಡಿ ನಿಲ್ಲಿಸಿ, ಅದನ್ನು ಸರಿಸಲು ಇಳಿದರು. ಜೀಪು ಹಿಂದಕ್ಕೆ ಜಾರಿತು. ಸರೋಜಕ್ಕ ಒಳಗೇ ಇದ್ದರು. ರಸ್ತೆ ಬದಿಯ ಮಣ್ಣಿನ ಬರೆಗೆ ಬಡಿದು ನಿಂತಾಗ ಅವರ ಸೊಂಟದ ಎಲುಬು ಮುರಿದಿತ್ತು.

ಎಲ್ಲರೂ ಆಸ್ಪತ್ರೆಗೆ ಓಡಿದ್ದರು. ಜೀಪು ತರಲು ಹೋದವನು ನಾನೊಬ್ಬನೇ. ಲಿವರ್ ಮೇಲೆ ನಿಂತಿತ್ತು, ಗೇರು ಒಂದರಲ್ಲಿತ್ತು. ಹಾಗಾದರೆ ಜಾರಿದ್ದು ಹೇಗೆ— ಗ್ಯಾರೇಜಿಗೆ ತಂದು ಡಿಫರೆನ್ಶಿಯಲ್ ಬಿಚ್ಚಿದೆ. ಹಲ್ಲುಗಳು ಕಾದು ನೀಲಿಗಟ್ಟಿ, ಏರಿನಲ್ಲಿ ನಿಂತ ಗಾಡಿಯ ಭಾರಕ್ಕೆ ತುಂಡು ತುಂಡಾಗಿ ತಳದಲ್ಲಿ ಬಿದ್ದಿದ್ದವು. ಆ ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರಗಳನ್ನು ನೇರವಾಗಿ ಹಿಡಿಯುವುದಿಲ್ಲ; ಗೇರ್‌ಬಾಕ್ಸಿನ ಹಿಂದೆ ತಿರುಗುವ ಶಾಫ್ಟನ್ನು ಹಿಡಿಯುತ್ತದೆ. ನಡುವಿನ ಹಲ್ಲು ಹೋಯಿತೆಂದರೆ ಎಷ್ಟು ಎಳೆದರೂ ಹಿಂದಿನ ಚಕ್ರ ನಿಲ್ಲದು. ಒಣ ರಸ್ತೆಯೆಂದು ಅವರು ಫೋರ್‌ವೀಲ್ ಹಾಕಿರಲೂ ಇಲ್ಲ, ಹಾಗಾಗಿ ಮುಂದಿನ ಚಕ್ರಗಳಿಗೂ ತಡೆ ಇರಲಿಲ್ಲ. ನನ್ನ ಎಣ್ಣೆ ದಪ್ಪಗೇನೋ ಇತ್ತು, ಆದರೆ ಆ ಉಜ್ಜಾಟವನ್ನು ತಡೆಯುವ ಗುಣ ಅದರಲ್ಲಿರಲಿಲ್ಲ. ಹಲ್ಲು ಮುರಿದದ್ದು ನಾನು. ಸರೋಜಕ್ಕನ ಸೊಂಟವನ್ನೂ—

ಮರುದಿನ ಸ್ಟ್ಯಾಂಡಿನಲ್ಲಿ ಎಲ್ಲರೂ ಸುತ್ತಲೂ ನಿಂತು, "ಎಂತ ಆದದ್ದು ದಯಾ?" ಎಂದು ಕೇಳಿದರು.

"ಹ್ಯಾಂಡ್‌ಬ್ರೇಕ್ ಎಳೆದೇ ಇರ್ಲಿಲ್ಲ" ಎಂದೆ.

ಆಸ್ಪತ್ರೆಯಿಂದ ಬಂದಿದ್ದ ವಸಂತಣ್ಣ ಅಲ್ಲೇ ಇದ್ದರು. "ಎಳೆದ ಹಾಗೆ ನೆನಪು ಉಂಟಲ್ಲ ಮಾರಾಯ..." ಎಂದು ನನ್ನ ಮುಖವನ್ನೇ ನೋಡಿದರು. ನಾನು ಇಲ್ಲವೆಂದು ತಲೆಯಾಡಿಸಿದೆ. ಮಾಡಿದವರ ಪಾಪ ಆಡಿದವರ ಬಾಯಲ್ಲಿ ಎನ್ನುತ್ತಾರೆ. ಇಲ್ಲಿ ಮಾಡಿದವನೂ ನಾನು, ಆಡಿದವನೂ ನಾನು. ಅವರು ತಮ್ಮ ನೆನಪನ್ನು ಬಿಟ್ಟು ನನ್ನ ಮಾತನ್ನು ನಂಬಿದರು. ಮತ್ತೆಂದೂ ಸ್ಟೀರಿಂಗ್ ಹಿಡಿಯಲಿಲ್ಲ.

ಇಷ್ಟಾದರೂ ನಾನು ಅವರ ಮನೆಗೆ ಹೋಗುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಯಾರಿಗಾದರೂ ಸಂಶಯ ಬಂದೀತೆಂದು ಹೆದರಿಕೆ. ಕಳೆದ ತಿಂಗಳು ಹೋದಾಗ ಅವರ ಮಗಳು ಎರಡು ತಿಂಗಳ ಕೂಸಿನೊಂದಿಗೆ ಬಂದಿದ್ದಳು. "ಸ್ವಲ್ಪ ಹಿಡ್ಕೊಳ್ಳಿ ಅಪ್ಪ" ಎಂದು ಮಗುವನ್ನು ಮುಂದೆ ಚಾಚಿದಳು. ವಸಂತಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಬೇಡ ಮಗಳೇ. ನನ್ನ ಕೈಯನ್ನು ನಂಬುದು ಬೇಡ. ಹಿಡಿದಿದ್ದೇನೆ ಅಂತ ನಾನು ಅಂದುಕೊಳ್ಳುದು, ಆದರೆ ಹಿಡಿದೇ ಇರುದಿಲ್ಲ."

ಎರಡು ತಿಂಗಳಲ್ಲಿ ಒಮ್ಮೆಯೂ ಅವರು ಮೊಮ್ಮಗುವನ್ನು ಎತ್ತಿಲ್ಲವಂತೆ. ಜೀಪು ಬಿಟ್ಟರು ಎಂದಷ್ಟೇ ತಿಳಿದಿದ್ದೆ. ತಮ್ಮ ಕೈಗಳನ್ನೇ ಬಿಟ್ಟಿದ್ದಾರೆ ಎಂದು— ಚಹಾದ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಎಣ್ಣೆಯಿಂದ ಹಿಡಿದು ಲಿವರಿನವರೆಗೆ, ಏನೂ ಬಿಡದೆ.

ಅವರು ಬಯ್ಯಲಿಲ್ಲ. "ಅಂದರೆ, ನಾನು ಎಳೆದಿದ್ದೆ?" ಎಂದರು.

"ಎಳೆದಿದ್ರಿ ಅಣ್ಣ."

"ಲಿವರ್ ಮೇಲೆ ಇತ್ತು?"

"ಇತ್ತು."

ಮತ್ತೆ ಅದನ್ನೇ ಕೇಳಿದರು. ಮತ್ತೆ ಹೇಳಿದೆ. ಅವರು ತಮ್ಮ ಅಂಗೈಗಳನ್ನು ನೋಡುತ್ತ ಕೂತರು. ಬಾಗಿಲಲ್ಲಿ ಕೋಲೂರಿ ನಿಂತಿದ್ದ ಸರೋಜಕ್ಕ ನನ್ನ ಕಡೆ ತಿರುಗಿದರು.

"ಆರು ವರ್ಷ ಇವರು ದಿನಾ ನನ್ನ ಹತ್ತಿರ ತಪ್ಪಾಯ್ತು ಅಂತ ಹೇಳಿದ್ದಾರೆ ದಯಾ. ನೀನು ಇಲ್ಲೇ ಕೂತು ಚಾ ಕುಡಿದು ಹೋಗ್ತಿದ್ದಿ."

ಅಂದು ಸ್ಟ್ಯಾಂಡಿನಲ್ಲಿದ್ದವರನ್ನು ಒಬ್ಬೊಬ್ಬರಾಗಿ ಹುಡುಕಿ ನಿಜ ಹೇಳುತ್ತಿದ್ದೇನೆ. ಸುಳ್ಯಕ್ಕೆ ಹೋಗಿ ಬಂದೆ, ಅಜ್ಜಾವರಕ್ಕೂ ಹೋಗಿ ಬಂದೆ. ಕಡಬದಲ್ಲಿರುವವರು ಒಬ್ಬರು ಬಾಕಿ, ನಾಳೆ ಹೋಗುತ್ತೇನೆ. ಸರೋಜಕ್ಕನಿಗೆ ಹೇಳಲು ಮಾತ್ರ ನನ್ನಲ್ಲಿ ಏನೂ ಇಲ್ಲ.